ಜೀಪಿನ ಅಡಿಯ ಬೆಸುಗೆ

ನಮ್ಮ ಮನೆಯ ಹಳೆ ಜೀಪನ್ನು ಮಾರಲು ನಿರ್ಧರಿಸಿದಾಗ ಶಿರಸಿಯ ದಲ್ಲಾಳಿಯೊಬ್ಬರು ಸಲಹೆ ಕೊಟ್ಟರು: "ಮಿಲಿಟರಿ ಹಸಿರು ಬಣ್ಣ ಹೊಡೆಸಿ ಮಾರಾಯ್ರೇ, ಬಾನೆಟ್ಟಿನ ಮೇಲೊಂದು ನಕ್ಷತ್ರ ಬರೆಸಿ. ಸೈನ್ಯದ ಹರಾಜಿನದ್ದು ಅಂದರೆ ರೇಟೇ ಬೇರೆ."

ನಮ್ಮ ಜೀಪು ಸೈನ್ಯವನ್ನು ಕಂಡದ್ದಿಲ್ಲ. ಅಡಿಕೆ ಮೂಟೆ, ಗೊಬ್ಬರ, ಮಳೆಗಾಲದ ರಾತ್ರಿ ಸಿದ್ದಾಪುರದ ಆಸ್ಪತ್ರೆಗೆ ಹೊರಟ ಗರ್ಭಿಣಿಯರು, ಇಷ್ಟೇ ಅದು ಹೊತ್ತದ್ದು. ಸೈನ್ಯದ ನಂಟಿರುವುದು ಅದರ ವಂಶಕ್ಕೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗಾಗಿ ತಯಾರಾದ ವಿಲ್ಲೀಸ್ ಜೀಪನ್ನು ನಮ್ಮಲ್ಲಿ ಜೋಡಿಸತೊಡಗಿದ್ದು 1945ರಲ್ಲಿ ಮಹೀಂದ್ರ ಆ್ಯಂಡ್ ಮೊಹಮ್ಮದ್ ಎಂಬ ಹೆಸರಿನಲ್ಲಿ ಹುಟ್ಟಿದ ಕಂಪೆನಿ. ವಿಭಜನೆಯಾದಾಗ ಪಾಲುದಾರ ಗುಲಾಮ್ ಮೊಹಮ್ಮದ್ ಪಾಕಿಸ್ತಾನದ ಮೊದಲ ಅರ್ಥಮಂತ್ರಿಯಾದರು. 1948ರಲ್ಲಿ ಕಂಪೆನಿಯ ಹೆಸರೂ ಬದಲಾಯಿತು.

ಬಣ್ಣದ ಮಾತು ಬೇಗ ಮುಗಿಯಿತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದಂತೆ ರಕ್ಷಣಾ ಇಲಾಖೆಯದ್ದಲ್ಲದ ವಾಹನಕ್ಕೆ ಆಲಿವ್ ಹಸಿರು ಬಳಿಯುವಂತಿಲ್ಲ. ನಮ್ಮನ್ನು ಕಾಡಿದ್ದು ಚಾಸಿ. ಹಿಂದಿನ ಸ್ಪ್ರಿಂಗ್ ಪಟ್ಟಿಯ ಬಳಿ ಅದು ಬಿರುಕುಬಿಟ್ಟಿತ್ತು. ಬೆಸುಗೆ ಹಾಕಿಸಿ ಮೇಲೆ ಟಾರು ಬಳಿದಿದ್ದೆವು.

ಯಲ್ಲಾಪುರದಿಂದ ಬಂದ ಯುವಕರು ಎಂಜಿನ್ ನೋಡಿದರು, ಟಯರ್ ನೋಡಿದರು, ಆರ್‌ಸಿ ನೋಡಿದರು. ಚಾಸಿಯ ಬಗ್ಗೆ ಕೇಳಲಿಲ್ಲ. ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಹೋಗಿಬರಲು ಬೇಕಂತೆ.

ಕೇಳದಿದ್ದುದನ್ನು ಹೇಳಬೇಕೇ? 1930ರ ಸರಕು ಮಾರಾಟ ಕಾಯ್ದೆಯೂ ಬಹುಮಟ್ಟಿಗೆ ಕೊಳ್ಳುವವನೇ ಎಚ್ಚರವಾಗಿರಲಿ ಎನ್ನುತ್ತದೆ. ಹಳೆ ಜೀಪೆಂದ ಮೇಲೆ ಬೆಸುಗೆ ಇದ್ದೇ ಇರುತ್ತದೆ ಎಂದು ನಮ್ಮ ಮೆಕ್ಯಾನಿಕ್ಕೂ ಹೇಳಿದ. ಸುಳ್ಳಲ್ಲ. ಆದರೆ ಅಡಿಕೆ ವ್ಯಾಪಾರದಲ್ಲಿ ಕೊಳ್ಳುವವನು ರಾಶಿಗೆ ಕೈಹಾಕಿ ಒಂದು ಅಡಿಕೆ ಒಡೆದು ನೋಡಬಲ್ಲ. ಇಲ್ಲಿ ಬಿರುಕನ್ನು ಮುಚ್ಚಿದ್ದು ನಮ್ಮದೇ ಟಾರು. ಅದೂ ಅಲ್ಲದೆ ನಾವೇನು ಬಾಯಿಮುಚ್ಚಿ ಕುಳಿತಿದ್ದೆವೇ? ದೇವಿಮನೆ ಘಟ್ಟದ ಮಳೆಯಲ್ಲಿ ಲಾರಿಗಳು ನಿಂತಾಗಲೂ ಇದು ಹತ್ತಿದ ಕತೆಯನ್ನು ಚಹಾದ ಜೊತೆ ಬಡಿಸಿಯಾಗಿತ್ತು. ಆ ಕತೆಗೂ ಬೆಲೆ ಏರಿತ್ತು. ಹೊಗಳಲು ಬಾಯಿ ಬಿಟ್ಟವರು ಬಿರುಕಿನ ಬಳಿಗೆ ಬಂದಾಗ ಮೂಗರಾಗುವುದು ಹೇಗೆ?

ಗೋಣಿಚೀಲ ಹಾಸಿ ಅವರನ್ನು ಜೀಪಿನಡಿ ಮಲಗಿಸಿ ಟಾರ್ಚ್ ಹಿಡಿದೆವು. ಅವರು ಎದ್ದು ಅಂಗಿ ಕೊಡವಿಕೊಂಡರು. ಸ್ವಲ್ಪ ಹೊತ್ತು ಮಾತಿಲ್ಲ. ನಲವತ್ತು ಸಾವಿರ ಕಡಿಮೆ ಮಾಡಿದರೆ ಚಾಸಿ ಬದಲಾಯಿಸಿಕೊಳ್ಳುತ್ತೇವೆ ಎಂದರು. ಒಪ್ಪಿದೆವು. ದಲ್ಲಾಳಿ ಸಿಕ್ಕಾಗಲೆಲ್ಲ ಆ ನಲವತ್ತು ಸಾವಿರವನ್ನು ನೆನಪಿಸುತ್ತಾರೆ. ಈ ಯುವಕರು ಬೇಡವೆಂದು ಹೋಗಿದ್ದರೆ ಮುಂದೆ ಬಂದವರಿಗೂ ಟಾರ್ಚ್ ಹಿಡಿಯುತ್ತಿದ್ದೆವೇ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಇನ್ನೂ ಒಮ್ಮತವಿಲ್ಲ.