ಕೊನೆಯ ಗಳಿಗೆಗೆ ತಯಾರಿ ಯಾವಾಗ?



ಜಪಸರ ಹಿಡಿದು ಗುಡ್ಡ ಹತ್ತಿ ಬಂದವರು ದಾರಿಯುದ್ದಕ್ಕೂ ಮಾತೆ ಮರಿಯಳಲ್ಲಿ ಏನೇನು ಬೇಡಿಕೊಂಡರು? ಮಗಳ ಮದುವೆ, ಮಗನ ಕೆಲಸ, ಗಂಡನ ಕುಡಿತ, ಬಿಡದ ಮೊಣಕಾಲು ನೋವು. ಇವೆಲ್ಲ ಇದ್ದೇ ಇರ್ತದೆ, ಬೇಡಿಕೊಳ್ಳುವುದು ತಪ್ಪಲ್ಲ. ಆದರೆ ಐದು ರಹಸ್ಯಗಳ ಒಂದು ಜಪಸರ ಮುಗಿಸಿದವರು, ಗೊತ್ತಿದ್ದೋ ಗೊತ್ತಿಲ್ಲದೆಯೋ, 53 ಸಲ ತಮ್ಮ ಸಾವಿನ ಗಳಿಗೆಯ ಮಾತೆತ್ತಿರುತ್ತಾರೆ. ನಮೋ ಮರಿಯಾ ಪ್ರಾರ್ಥನೆಯ ಕೊನೆಯಲ್ಲಿ ಎರಡೇ ಹೊತ್ತುಗಳಿಗಾಗಿ ಮಾತೆಯ ನೆರವು ಕೇಳಲಾಗುತ್ತದೆ: ಈಗಿನ ಹೊತ್ತು, ಸಾಯುವ ಹೊತ್ತು. ನಡುವಿನ ನಲವತ್ತು ಐವತ್ತು ವರ್ಷಗಳ ಸುದ್ದಿಯೇ ಇಲ್ಲ. ಆ ವರ್ಷಗಳೆಲ್ಲ ಬರುವುದು ಒಂದೊಂದು ‘ಈಗ’ ಆಗಿಯೇ ಅಲ್ಲವೇ?

ಕೊನೆಯತನಕ ವಿಶ್ವಾಸದಲ್ಲಿ ಉಳಿಯುವುದು ಮನುಷ್ಯನ ಸ್ವಂತ ಬಲದಿಂದ ಆಗುವ ಕೆಲಸವಲ್ಲ. ಅದೊಂದು ದೊಡ್ಡ ವರ, ಅದು ತನಗೆ ಸಿಕ್ಕೇ ಸಿಗುತ್ತದೆಂದು ಯಾರೂ ಗರ್ವದಿಂದ ಹೇಳಿಕೊಳ್ಳುವಂತಿಲ್ಲ ಎಂದು 1547ರಲ್ಲಿ ಟ್ರೆಂಟ್ ಮಹಾಸಭೆ ಬೋಧಿಸಿತು. ಅದಕ್ಕೂ ಸಾವಿರ ವರ್ಷಗಳಷ್ಟು ಹಿಂದೆ ಸಂತ ಅಗಸ್ಟೀನರು ತಮ್ಮ ಕೊನೆಗಾಲದಲ್ಲಿ ಇದೇ ವಿಷಯವಾಗಿ ಒಂದು ಗ್ರಂಥ ಬರೆದರು. ಹಾಗಾದರೆ ಮನುಷ್ಯ ಸುಮ್ಮನೆ ಕೂತಿರಬೇಕೇ? ಇಲ್ಲ. ವರವನ್ನು ಬೇಡಬೇಕು, ದಿನಾ ಬೇಡಬೇಕು, ಅದು ಬಂದಾಗ ಹಿಡಿಯಲು ಕೈ ಖಾಲಿ ಇಟ್ಟುಕೊಳ್ಳಬೇಕು.

ಕೆಲವರು ಶಿಲುಬೆಯ ಬಳಿಯಿದ್ದ ಕಳ್ಳನ ಉದಾಹರಣೆ ಕೊಡುತ್ತಾರೆ. “ಅವನಿಗೆ ಕೊನೇ ಕ್ಷಣದಲ್ಲಿ ಸ್ವರ್ಗ ಸಿಗಲಿಲ್ವಾ? ನಮಗೂ ಆಗ ನೋಡುವಾ” ಅನ್ನುತ್ತಾರೆ. ಆ ಕಳ್ಳನಿಗೆ ಸಿಕ್ಕ ಕರುಣೆ ನಿಜವೇ. ಆದರೆ ಯೇಸುವಿನ ಇನ್ನೊಂದು ಪಕ್ಕದಲ್ಲೂ ಒಬ್ಬ ಕಳ್ಳನಿದ್ದ, ಅವನಿಗೂ ಅದೇ ಹೊತ್ತು, ಅದೇ ಅಂತರ. ಅವನು ಬೈಯುತ್ತಲೇ ಹೋದ. ಸಂತ ಪೌಲರ ಜೊತೆ ದುಡಿದ ದೇಮನ ಕಥೆ ಇನ್ನೂ ಬೇಸರದ್ದು. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಅವನ ಹೆಸರು ಲೂಕರ ಹೆಸರಿನ ಜೊತೆಗೇ ಇದೆ. ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ ಹೊತ್ತಿಗೆ ಅವನು ಲೋಕದ ಆಸೆಗೆ ಬಿದ್ದು ಪೌಲರನ್ನು ಬಿಟ್ಟು ಹೋಗಿಯಾಗಿತ್ತು. ಸೆರೆಯಲ್ಲಿದ್ದ ಆ ಹಿರಿಯರು ಚಳಿಗಾಲ ಬರುವ ಮುಂಚೆ ತಮ್ಮ ಮೇಲಂಗಿ ತಂದುಕೊಡು ಎಂದು ತಿಮೊಥೇಯನನ್ನು ಕೇಳಿಕೊಳ್ಳುತ್ತಾರೆ. ಪೌಲರಂಥವರಿಗೂ ಕೊನೆಗಾಲ ಅಷ್ಟು ಒಂಟಿಯಾಗಿತ್ತು.

ಕರಾವಳಿಯ ಭಕ್ತರಿಗೆ ಹತ್ತಿರದ ಉದಾಹರಣೆ ಸಂತ ಜೋಸೆಫ್ ವಾಜ್. ಮುಡಿಪು ಗುಡ್ಡದಲ್ಲಿ ಅವರು ಮೊಣಕಾಲೂರಿ ಪ್ರಾರ್ಥಿಸಿದರೆಂಬುದು ಭಕ್ತರ ನಂಬಿಕೆ. 1651ರಲ್ಲಿ ಗೋವಾದ ಬೆನಾವ್ಲಿಯಲ್ಲಿ ಹುಟ್ಟಿದ ಅವರು 1676ರಲ್ಲಿ ಗುರುದೀಕ್ಷೆ ಪಡೆದು, 1681ರಿಂದ 1684ರವರೆಗೆ ಕೆನರಾ ಸೀಮೆಯಲ್ಲಿ ಸೇವೆ ಮಾಡಿದರು. ಇಲ್ಲಿ ಅವರಿಗೆ ಹೂವಿನ ಹಾಸಿಗೆಯೇನೂ ಇರಲಿಲ್ಲ. ಕ್ರೈಸ್ತರಲ್ಲೇ ಯಾರ ಅಧಿಕಾರ ಸರಿ, ಯಾರದ್ದು ತಪ್ಪು ಎಂಬ ಜಗಳ ನಡೆದಿತ್ತು. ಅದರ ನಡುವೆಯೇ ಅವರು ಊರೂರು ನಡೆದು ಬಲಿಪೂಜೆ, ಪಾಪನಿವೇದನೆ ನಡೆಸಿದರು.

ಆಮೇಲೆ ಅವರ ಮನಸ್ಸು ಲಂಕೆಯ ಕಡೆ ತಿರುಗಿತು. 1658ರಲ್ಲಿ ಡಚ್ಚರು ಜಾಫ್ನಾವನ್ನೂ ಗೆದ್ದ ಮೇಲೆ ಕಥೋಲಿಕ ಗುರುಗಳು ಅಲ್ಲಿ ಕಾಲಿಡುವಂತಿರಲಿಲ್ಲ. ಸುಮಾರು ಮೂವತ್ತು ವರ್ಷ ಅಲ್ಲಿನ ಕಥೋಲಿಕರು ಗುರುಗಳಿಲ್ಲದೆ ಬದುಕಿದರು. ಪರಮಪ್ರಸಾದ ಕಾಣದೆ, ಪಾಪನಿವೇದನೆ ಮಾಡದೆ ಎಷ್ಟು ಮಂದಿ ಅಜ್ಜ ಅಜ್ಜಿಯಂದಿರು ಕಣ್ಮುಚ್ಚಿದರೋ ಲೆಕ್ಕವಿಟ್ಟವರಿಲ್ಲ! 1687ರಲ್ಲಿ ವಾಜರು ಬಡ ಕೂಲಿಯವನಂತೆ ಬಟ್ಟೆ ತೊಟ್ಟು, ಬರಿಗಾಲಲ್ಲಿ ಲಂಕೆ ಸೇರಿದರು. ಕಾಲಿಟ್ಟ ಕೂಡಲೇ ಭೇದಿ ಹಿಡಿಯಿತು. ಚೇತರಿಸಿಕೊಂಡ ಮೇಲೆ ಕೊರಳಿಗೆ ಜಪಸರ ಹಾಕಿಕೊಂಡು ಮನೆ ಮನೆ ಭಿಕ್ಷೆಗೆ ಹೋದರು. ಆ ಜಪಸರವನ್ನು ಗುರುತು ಹಿಡಿದು ಕಣ್ಣರಳಿಸಿದವರೇ ಮುಚ್ಚಿಟ್ಟ ವಿಶ್ವಾಸದ ಮನೆಯವರು. ಹಿರಿಯರು ಸತ್ತಿದ್ದರು, ಆದರೆ ಮಣಿ ಎಣಿಸುವುದನ್ನು ಮಕ್ಕಳಿಗೆ ಕಲಿಸಿಯೇ ಸತ್ತಿದ್ದರು.

1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂದು ದೂರು ಬಂದು ಬಂಧನವಾಯಿತು. ಅಲ್ಲೇ ಅವರು ಸಿಂಹಳ ಭಾಷೆ ಕಲಿತರು. 1697ರಲ್ಲಿ ಕ್ಯಾಂಡಿಗೆ ಸಿಡುಬು ಬಡಿದು ಜನ ತಮ್ಮವರನ್ನೇ ಬಿಟ್ಟು ಓಡಿದಾಗ, ರೋಗಿಗಳನ್ನು ತೊಳೆದವರು, ಸತ್ತವರನ್ನು ಹೂಳಿದವರು ಇವರು. ಧರ್ಮಾಧ್ಯಕ್ಷ ಪದವಿಯ ಮಾತು ಬಂದಾಗ ಬೇಡವೆಂದರು. ಒಟ್ಟು ಸುಮಾರು ಇಪ್ಪತ್ನಾಲ್ಕು ವರ್ಷ! ಒಮ್ಮೆಯೂ ಗೋವಾಕ್ಕೆ ಹಿಂದಿರುಗಲಿಲ್ಲ. ಇಪ್ಪತ್ನಾಲ್ಕು ವರ್ಷವೆಂದರೆ ಒಂದು ದಿನದ ಸಾಹಸವಲ್ಲ. ಅದೇ ಕಾಡುದಾರಿ, ಅದೇ ಜ್ವರ, ಅದೇ ಭಯ, ಮತ್ತೆ ಮರುದಿನ ಬೆಳಿಗ್ಗೆ ಎದ್ದು ಅದೇ ಬಲಿಪೂಜೆ.

1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಅವರು ತೀರಿಕೊಂಡರು. ವಯಸ್ಸು ಅರವತ್ತೂ ಆಗಿರಲಿಲ್ಲ. ಹಾಸಿಗೆಯ ಸುತ್ತ ನಿಂತ ಜೊತೆಗುರುಗಳು ಕೊನೆಯದಾಗಿ ಒಂದು ಮಾತು ಹೇಳಿ ಎಂದು ಬೇಡಿದಾಗ, ಬದುಕಿನುದ್ದಕ್ಕೂ ಮಾಡದೆ ಬಿಟ್ಟದ್ದನ್ನು ಸಾಯುವ ಹೊತ್ತಿನಲ್ಲಿ ಮಾಡುವುದು ಸುಲಭವಲ್ಲ ಎಂಬರ್ಥದ ಮಾತನ್ನು ಅವರು ಹೇಳಿದರೆಂದು ಚರಿತ್ರೆಯಲ್ಲಿದೆ. ಸ್ವರ್ಗದ ದರ್ಶನದ ಮಾತಲ್ಲ, ಭವಿಷ್ಯವಾಣಿಯೂ ಅಲ್ಲ. ಮನೆಯ ಹಿರಿಯರೊಬ್ಬರು ಹೇಳುವಂಥ ಮಾತು! ಅವರ ಸಮಾಧಿ ಇದ್ದ ಜಾಗ ಕೂಡ ಮುಂದೆ ಗುರುತು ಸಿಗದೆ ಹೋಯಿತು. 1995ರಲ್ಲಿ ಕೊಲಂಬೊದಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಅವರನ್ನು ಪುನೀತರೆಂದೂ, 2015ರ ಜನವರಿ 14ರಂದು ಅದೇ ಊರಿನಲ್ಲಿ ಜಗದ್ಗುರು ಫ್ರಾನ್ಸಿಸರು ಸಂತರೆಂದೂ ಘೋಷಿಸಿದರು.

ಆ ಮಾತನ್ನು ಇಂದಿನ ಮನೆಗಳಲ್ಲಿಟ್ಟು ನೋಡಬೇಕು. ಮನೆಯಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದಾರೆ. ಮಕ್ಕಳು ಡಾಕ್ಟರನ್ನು ಹತ್ತು ಸಲ ಕರೆಯುತ್ತಾರೆ. ಫಾದರನ್ನು ಕರೆಯುವಾ ಅಂದರೆ, “ಬೇಡ, ಅಮ್ಮ ಹೆದರ್ತಾರೆ, ತನ್ನ ಕಥೆ ಮುಗೀತು ಅಂದ್ಕೊಳ್ತಾರೆ” ಎಂದು ಮುಂದೂಡುತ್ತಾರೆ. ಪ್ರಜ್ಞೆ ತಪ್ಪಿದ ಮೇಲೆ ಓಡೋಡಿ ಫೋನ್ ಮಾಡುತ್ತಾರೆ. ರೋಗಿಗಳ ಅಭ್ಯಂಗ ಸಂಸ್ಕಾರ ಸಾಯುವವರಿಗೆ ಮಾತ್ರ ಇರುವುದಲ್ಲ. ಗಂಭೀರ ಕಾಯಿಲೆ ಬಂದವರು, ದೊಡ್ಡ ಆಪರೇಷನ್ನಿಗೆ ಹೋಗುವವರು, ವಯಸ್ಸಾಗಿ ಶಕ್ತಿ ಕುಂದಿದವರು ಎಲ್ಲರೂ ಪಡೆಯಬಹುದು. ಕಾಯಿಲೆ ಹೆಚ್ಚಾದರೆ ಮತ್ತೆಯೂ ಪಡೆಯಬಹುದು. ನಿಜ ಹೇಳಬೇಕೆಂದರೆ ಹೆದರುವುದು ಅಮ್ಮ ಅಲ್ಲ, ಮಕ್ಕಳು. ಅಮ್ಮ ಎಷ್ಟೋ ದಿನದಿಂದ ಕಾಯುತ್ತಾ ಇರುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ.

ನೋವು ಹೆಚ್ಚಾದಾಗ ದೇವರ ಮೇಲೆ ಸಿಟ್ಟು ಬರುವುದುಂಟು. ಜೀವಮಾನವಿಡೀ ಇಗರ್ಜಿಗೆ ಹೋದವರೂ “ನನಗೇ ಯಾಕೆ?” ಎಂದು ಅಳುತ್ತಾರೆ. ಅದು ವಿಶ್ವಾಸ ಕಳೆದುಕೊಂಡ ಗುರುತೆಂದು ಮನೆಯವರು ಗಾಬರಿಯಾಗಬೇಕಿಲ್ಲ. ಪ್ರಭು ಯೇಸುವೂ ಶಿಲುಬೆಯ ಮೇಲೆ ತಂದೆಯನ್ನು ಯಾಕೆ ಎಂದು ಕೇಳಿದರು. ಕೇಳಿದ್ದು ಮಾತ್ರ ತಂದೆಯನ್ನೇ. ಅಂಥ ಹೊತ್ತಿನಲ್ಲಿ ರೋಗಿಗೆ ಉಪದೇಶ ಬೇಡ. ಪಕ್ಕದಲ್ಲಿ ಕೂತು, ಅವರ ಪರವಾಗಿ ಪ್ರಾರ್ಥನೆ ಹೇಳುವವರು ಒಬ್ಬರಿದ್ದರೆ ಸಾಕು.

ಮರೆವಿನ ಕಾಯಿಲೆ ಬಂದ ಹಿರಿಯರನ್ನು ನೋಡಿಕೊಂಡವರಿಗೆ ಒಂದು ವಿಷಯ ಗೊತ್ತಿರುತ್ತದೆ. ಮಗನ ಹೆಸರು ಮರೆತಿರುತ್ತದೆ, ಊಟ ಮಾಡಿದ್ದು ನೆನಪಿರುವುದಿಲ್ಲ, ಇದು ಯಾರ ಮನೆ ಎಂದು ಕೇಳುತ್ತಿರುತ್ತಾರೆ. ಸಂಜೆ ಜಪಸರ ತಂದು ಕೈಗೆ ಕೊಟ್ಟರೆ ಅಜ್ಜಿ ಸುಮ್ಮನಾಗುತ್ತಾರೆ. ಮೊದಲ ಮಣಿ ಎಲ್ಲಿದೆಯೆಂದು ಯಾರೂ ತೋರಿಸಬೇಕಾಗಿಲ್ಲ. ಬೆರಳು ತಾನಾಗಿ ಅದನ್ನು ಹುಡುಕಿಕೊಳ್ಳುತ್ತದೆ.