ಟನ್ನಿನ ಬೆಲೆ, ಆಳಿನ ಕೂಲಿ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಕಬ್ಬಿನ ಬೆಲೆಯ ಮಾತು ತೆಗೆದರೆ ಅರ್ಥಶಾಸ್ತ್ರ ಓದದವರೂ ಲೆಕ್ಕ ಬಿಡಿಸಿಡುತ್ತಾರೆ. ಬಿತ್ತನೆ, ಗೊಬ್ಬರ, ಕಟಾವು, ಸಾಗಣೆ ಎಲ್ಲ ಕಳೆದು ಮನೆ ನಡೆಸುವಷ್ಟು ಉಳಿಯದಿದ್ದರೆ ಅದು ಬೆಲೆಯೇ ಅಲ್ಲ ಎನ್ನುತ್ತಾರೆ. ಈ ವಾದಕ್ಕೆ ಸರ್ಕಾರದ ಮುದ್ರೆಯೂ ಇದೆ. 2009ರಿಂದ ಕೇಂದ್ರ ಸರ್ಕಾರ ನಿಗದಿ ಮಾಡುತ್ತಿರುವ ನ್ಯಾಯಯುತ ಮತ್ತು ಲಾಭದಾಯಕ ಬೆಲೆಯಲ್ಲಿ (ಎಫ್‌ಆರ್‌ಪಿ) ಉತ್ಪಾದನಾ ವೆಚ್ಚದ ಜೊತೆಗೆ ಬೆಳೆಗಾರನ ಅಪಾಯ ಮತ್ತು ಲಾಭಕ್ಕೂ ಜಾಗವಿದೆ. 2025-26ರ ಹಂಗಾಮಿಗೆ ಶೇ 10.25ರ ಸಕ್ಕರೆ ಇಳುವರಿಗೆ ಅದು ಟನ್‌ಗೆ 3,550 ರೂಪಾಯಿ. ಕಬ್ಬು ಪಡೆದ 14 ದಿನದೊಳಗೆ ಹಣ ಕೊಡದ ಕಾರ್ಖಾನೆ ಶೇ 15ರಷ್ಟು ಬಡ್ಡಿ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಕೊಡುವವನೂ ಕೊಳ್ಳುವವನೂ ಒಪ್ಪಿದ್ದೇ ನ್ಯಾಯ ಎಂಬ ಮಾತನ್ನು ಈ ಸೀಮೆ ಎಂದೋ ತಳ್ಳಿಹಾಕಿದೆ ಎಂದಾಯಿತು. ಹಾಗಿದ್ದ ಮೇಲೆ ಅದೇ ತರ್ಕ ಆ ಕಬ್ಬನ್ನು ಕಡಿಯುವ ಆಳಿನ ಕೂಲಿಗೂ ಸಲ್ಲಬೇಕು.

ನ್ಯಾಯಯುತ ಕೂಲಿಯ ಚಿಂತನೆ ಪಶ್ಚಿಮದಿಂದ ಬಂದ ಸರಕೇನಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕು 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕೂಲಿಯನ್ನು ಮೊದಲೇ ಗೊತ್ತು ಮಾಡಿಕೊಳ್ಳದೆ ದುಡಿದ ಕೃಷಿಕಾರ್ಮಿಕನಿಗೆ ಬೆಳೆಯ ಹತ್ತನೇ ಒಂದು ಪಾಲು ಸಲ್ಲಬೇಕೆಂಬ ನಿಯಮವಿದೆ. ಮಾತಾಗದಿದ್ದರೂ ಋಣ ಇದೆ ಎಂಬುದೇ ಅದರ ತಿರುಳು. ಸ್ವತಂತ್ರ ಭಾರತದಲ್ಲಿ 1948ರ ನ್ಯಾಯೋಚಿತ ವೇತನ ಸಮಿತಿ ಈ ವಿಷಯವನ್ನು ಮೂರು ಮೆಟ್ಟಿಲಾಗಿ ವಿಂಗಡಿಸಿತು. ತಳದಲ್ಲಿ ಕನಿಷ್ಠ ವೇತನ, ಅಂದರೆ ಜೀವ ಹಿಡಿದಿಡುವುದಲ್ಲದೆ ದುಡಿಯುವ ಶಕ್ತಿಯನ್ನೂ ಕಾಪಾಡುವಷ್ಟು. ಮೇಲ್ತುದಿಯಲ್ಲಿ ಸಂವಿಧಾನದ 43ನೇ ವಿಧಿ ಗುರಿಯಾಗಿಟ್ಟಿರುವ ಜೀವನ ವೇತನ. ನ್ಯಾಯೋಚಿತ ವೇತನ ಇವೆರಡರ ನಡುವೆ, ಉದ್ಯಮದ ಶಕ್ತಿಗೆ ತಕ್ಕಂತೆ ಮೇಲೇರಬೇಕು. ಈ ವಿಂಗಡಣೆಯ ಜಾಣ್ಮೆ ಇರುವುದು ಒಂದೇ ಕಡೆ: ನಡುವಿನ ಮೆಟ್ಟಿಲಲ್ಲಿ ಧಣಿಯ ಶಕ್ತಿ ಲೆಕ್ಕಕ್ಕೆ ಬರುತ್ತದೆ, ತಳದ ಮೆಟ್ಟಿಲಲ್ಲಿ ಬರುವುದೇ ಇಲ್ಲ.

ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತಿರುವಂಥದ್ದು. ಆಳುಗಳು ತಾವಾಗಿಯೇ ಒಪ್ಪಿ ಬಂದಿದ್ದಾರೆ, ಬಲವಂತ ಯಾರೂ ಮಾಡಿಲ್ಲ. ಗದ್ದೆಗೆ ಹೋಗಿ ನೋಡಿದರೆ ಈ ಒಪ್ಪಿಗೆ ಎಂಥದ್ದೆಂದು ತಿಳಿಯುತ್ತದೆ. ಬಳ್ಳಾರಿ ಕಡೆಯಿಂದ ಬರುವ ಗ್ಯಾಂಗುಗಳಿಗೆ ಮೇಸ್ತ್ರಿಯ ಕೈಯಿಂದ ಮುಂಗಡ ಸಂದಾಯವಾಗಿರುತ್ತದೆ, ಹಂಗಾಮು ಪೂರ್ತಿ ಆ ಸಾಲ ತೀರಿಸುವುದೇ ಕೆಲಸ. ಬುಡಕ್ಕೆ ಮಚ್ಚು ಹಾಕಿ, ಸೋಗೆ ಸುಲಿದು, ಜಲ್ಲೆಗಳನ್ನು ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಟ್ರೈಲರಿಗೆ ಏರಿಸಿದ ಮೇಲೆ ಕೂಲಿ ಬೀಳುವುದು ಟನ್ ಲೆಕ್ಕದಲ್ಲಿ. ಟ್ರ್ಯಾಕ್ಟರ್ ಬಾರದೆ ಬದುವಿನ ಮೇಲೆ ಕಾದ ಹೊತ್ತು ಯಾವ ತೂಕದ ಚೀಟಿಯಲ್ಲೂ ಕಾಣುವುದಿಲ್ಲ. ಆಡಂ ಸ್ಮಿತ್ 1776ರಲ್ಲೇ ಗುರುತಿಸಿದ್ದ: ಜಗಳ ಬಿದ್ದರೆ ಧಣಿ ಒಂದು ವರ್ಷ ತಡೆಯಬಲ್ಲ, ಆಳಿಗೆ ಒಂದು ವಾರ ತಡೆಯುವುದೂ ಕಷ್ಟ. ನಮ್ಮ ಸುಪ್ರೀಂ ಕೋರ್ಟ್ ಏಷ್ಯನ್ ಗೇಮ್ಸ್ ಕಾಮಗಾರಿಯ ಕಾರ್ಮಿಕರ ಪ್ರಕರಣದಲ್ಲಿ, 1982ರಲ್ಲಿ, ಇನ್ನೂ ಮುಂದೆ ಹೋಯಿತು. ಹಸಿವಿನ ಒತ್ತಾಯಕ್ಕೆ ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಯುವುದೂ 23ನೇ ವಿಧಿ ನಿಷೇಧಿಸುವ ಬಲವಂತದ ದುಡಿಮೆಯೇ ಎಂದಿತು. ಇನ್ನು, ಕಾಯಕದ ಹೆಸರು ಹೇಳಿ ಆಳಿಗೆ ತೃಪ್ತಿಯ ಪಾಠ ಮಾಡುವವರೂ ಇದ್ದಾರೆ. ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮ ಗಂಡನನ್ನು ತಡೆದದ್ದು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದದ್ದಕ್ಕೆ. ಆ ಮಾತು ಮುಟ್ಟಬೇಕಾದದ್ದು ಹೆಚ್ಚು ಇಟ್ಟುಕೊಂಡವರಿಗೆ.

ಎರಡನೆಯ ಆಕ್ಷೇಪಕ್ಕೆ ತೂಕವಿದೆ. ಕೊಡುವವನಿಗೇ ಗತಿಯಿಲ್ಲದಿದ್ದರೆ? ದೊಡ್ಡ ಉದ್ಯಮದ ಮಟ್ಟಿಗೆ ಉತ್ತರ ಸುಲಭ. ಕನಿಷ್ಠ ವೇತನವನ್ನೂ ಕೊಡಲಾಗದ ಉದ್ಯಮಕ್ಕೆ ಇರುವ ಹಕ್ಕೇ ಇಲ್ಲವೆಂದು ಸುಪ್ರೀಂ ಕೋರ್ಟ್ ಕ್ರೌನ್ ಅಲ್ಯೂಮಿನಿಯಂ ಪ್ರಕರಣದಲ್ಲಿ ಹೇಳಿ ಆರು ದಶಕ ದಾಟಿದೆ. ಗತಿಯಿಲ್ಲ ಎನ್ನುವ ಮಾತು ಎಷ್ಟೋ ಸಲ ನಿಜವೂ ಅಲ್ಲ. ಮದ್ದೂರಿನಂಥ ಊರುಗಳಿಗೆ ಹಳ್ಳಿಯ ಹೆಣ್ಣುಮಕ್ಕಳನ್ನು ದಿನವೂ ಎಳೆದುಕೊಳ್ಳುವ ಗಾರ್ಮೆಂಟ್ಸ್ ಉದ್ಯಮದಲ್ಲಿ, 2020ರ ಏಪ್ರಿಲ್‌ನಿಂದ ಸಲ್ಲಬೇಕಿದ್ದ ತುಟ್ಟಿಭತ್ಯೆ, ತಿಂಗಳಿಗೆ ಸುಮಾರು 417 ರೂಪಾಯಿ, ರಾಜ್ಯದ ನಾಲ್ಕು ಲಕ್ಷಕ್ಕೂ ಹೆಚ್ಚು ಕಾರ್ಮಿಕರ ಕೈ ಸೇರಲಿಲ್ಲ. ಹೈಕೋರ್ಟ್ ಹೇಳಿದ ಮೇಲೂ ಎಳೆದಾಟ ನಿಲ್ಲಲಿಲ್ಲ. ಬಟ್ಟೆ ಕೊಳ್ಳುವ ವಿದೇಶಿ ಬ್ರ್ಯಾಂಡುಗಳ ಮೇಲೆ ಒತ್ತಡ ಬಿದ್ದ ಮೇಲೆ, 2022ರಲ್ಲಿ, ದೊಡ್ಡ ಕಾರ್ಖಾನೆಗಳು ಬಾಕಿ ಕೊಡತೊಡಗಿದವು. ಶಕ್ತಿ ಇತ್ತು, ಹೊಣೆ ಹೊರುವವರು ಇರಲಿಲ್ಲ.

ಎರಡು ಎಕರೆಯ ರೈತನ ವಿಚಾರ ಮಾತ್ರ ಬೇರೆ. ಅವನು ಆಳಿನ ಎದುರು ಧಣಿ, ಕಾರ್ಖಾನೆಯ ಎದುರು ಆಳಿನಷ್ಟೇ ಅಸಹಾಯಕ. ಹೊಣೆಯನ್ನು ಅವನೊಬ್ಬನ ತಲೆಗೆ ಕಟ್ಟುವುದು ಅನ್ಯಾಯ, ಹಾಗೆಂದು ಹೊಣೆಯೇ ಇಲ್ಲವೆನ್ನುವುದೂ ತಪ್ಪು. ಬೆಲೆಯ ಮೇಲೆ ಯಾರಿಗೆ ಹಿಡಿತವಿದೆಯೋ ಹೊಣೆ ಅವರತ್ತ ಏರುತ್ತದೆ. ಮಂಡ್ಯದ ಮೈಷುಗರ್ ಇರಲಿ, ಕೊಪ್ಪ ಮತ್ತು ಕೆ.ಎಂ. ದೊಡ್ಡಿಯ ಖಾಸಗಿ ಕಾರ್ಖಾನೆಗಳಿರಲಿ, ಕಟಾವಾಗದೆ ಒಂದು ದಿನವೂ ಅರೆಯಲಾರವು. ಆದ್ದರಿಂದ ಕಬ್ಬಿನ ದರದ ಜೊತೆಯಲ್ಲೇ ಕಟಾವಿನ ಕೂಲಿಯನ್ನೂ ಬಹಿರಂಗವಾಗಿ ಗೊತ್ತುಮಾಡಿ, ಅದರ ಭಾರದಲ್ಲಿ ಕಾರ್ಖಾನೆಯೂ ಪಾಲು ಹೊರುವುದು ನ್ಯಾಯ. ಕೂಲಿ ಏರಿದರೆ ಕಟಾವು ಯಂತ್ರ ಬಂದು ಇದ್ದ ಕೆಲಸವೂ ಹೋಗುತ್ತದೆ ಎಂಬ ಭಯ ಪೂರ್ತಿ ಸುಳ್ಳಲ್ಲ, ಆದರೆ ಆಳು ಸಿಗದ ಕಡೆಗೂ ಯಂತ್ರ ಬರುತ್ತದೆ, ಕೂಲಿ ಸಾಲದ ಕಡೆ ಆಳು ನಿಲ್ಲುವುದಿಲ್ಲ. ಯಂತ್ರ ಬರುವತನಕವಾದರೂ ತೀರಿಸಬಹುದಾದ ಬಾಕಿ ಒಂದಿದೆ. ಗಂಡ ಹೆಂಡತಿ ಜೋಡಿಯಾಗಿ ಕಡಿದ ಕಬ್ಬಿನ ಕೂಲಿ ಗಂಡನ ಕೈಗೇ ಒಟ್ಟಾಗಿ ಬೀಳುತ್ತದೆ. ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲಿ, ಬಟವಾಡೆಯಲ್ಲಿ ಅವಳ ಹೆಸರು ಇನ್ನಾದರೂ ಬೇರೆಯಾಗಿ ಬರೆಯಬೇಕು.