ನಾಳೆ ಎಂಬ ಸಾಲ



ಹಳ್ಳಿಯ ಹಳೆಯ ಮನೆಗಳ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದುದನ್ನು ನಿಮ್ಮಲ್ಲಿ ಹಿರಿಯರಾದವರು ಕಂಡಿರಬಹುದು. ರಾತ್ರಿ ಬಂದ ದೆವ್ವವು ಅದನ್ನು ಓದಿ ಹಿಂದಿರುಗುವುದೆಂದೂ, ಮರುದಿನ ಬಂದು ಮತ್ತೆ ಅದನ್ನೇ ಓದಿ ಮರಳುವುದೆಂದೂ ಜನರ ನಂಬಿಕೆ. ದೆವ್ವದ ಮಾತು ಹಾಗಿರಲಿ. ಹಣದ ವಿಷಯದಲ್ಲಿ ವಿದ್ಯಾವಂತರೂ ಇದೇ ಉಪಾಯವನ್ನು ಹೂಡುತ್ತಾರೆ. ತೀರಿಸಬೇಕಾದ ಸಾಲಕ್ಕೆ 'ನಾಳೆ ಬಾ', ಆರಂಭಿಸಬೇಕಾದ ಉಳಿತಾಯಕ್ಕೆ 'ನಾಳೆ ಬಾ', ಬರೆಯಬೇಕಾದ ಲೆಕ್ಕಕ್ಕೆ 'ನಾಳೆ ಬಾ'. ಆದರೆ ಬಡ್ಡಿಗೆ ಓದು ಬಾರದು. ಬಾಗಿಲ ಬರಹವನ್ನು ನೋಡದೆಯೇ ಅದು ಒಳಗೆ ಬರುತ್ತದೆ.

ಹೀಗೆ ಮುಂದೂಡುವುದು ಕೇವಲ ವ್ಯವಹಾರದ ದೋಷವೆ, ನೀತಿಯ ದೋಷವೂ ಹೌದೆ? 'ನಮ್ಮ ಹಣ, ನಮ್ಮ ನಷ್ಟ. ಇದರಲ್ಲಿ ಧರ್ಮಾಧರ್ಮದ ಮಾತೇಕೆ?' ಎಂದು ಕೆಲವರು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರವು ನಮಗೆ ಗ್ರಂಥಗಳಿಂದ ದೊರೆಯಲಿಲ್ಲ. ನಮ್ಮದೇ ತಪ್ಪಿನಿಂದ ದೊರೆಯಿತು.

ಸುಮಾರು ಮೂವತ್ತು ವರ್ಷಗಳ ಹಿಂದೆ ಧಾರವಾಡದಲ್ಲಿ ತತ್ತ್ವಶಾಸ್ತ್ರದ ವ್ಯಾಸಂಗ ಮುಗಿಸಿ ಬಂದಾಗ, ಹಿರಿಯ ಶ್ರೀಗಳು ಪ್ರಸಾದನಿಲಯದ ಲೆಕ್ಕಪತ್ರಗಳನ್ನು ನಮಗೆ ಒಪ್ಪಿಸಿದರು. ಆ ವರ್ಷ ಮಳೆ ಕೈಕೊಟ್ಟಿತ್ತು. ಭಕ್ತರಿಂದ ಬರುವ ಕಾಳುಕಡಿ ಕಡಿಮೆಯಾಗಿತ್ತು. ಜೋಳ, ಬೇಳೆ, ಎಣ್ಣೆಗಳನ್ನು ಪೇಟೆಯ ಒಬ್ಬ ಕಿರಾಣಿ ವ್ಯಾಪಾರಿಗಳಿಂದ ಉದ್ರಿ ತರುತ್ತಿದ್ದೆವು. ಮೊದಲ ತಿಂಗಳ ಚೀಟಿಗಳನ್ನು ಮುಂದೆ ನೋಡೋಣವೆಂದು ಪೆಟ್ಟಿಗೆಯಲ್ಲಿರಿಸಿದೆವು. ಎರಡನೆಯ ತಿಂಗಳು ಮೊತ್ತ ಬೆಳೆದಿತ್ತು, ನೋಡಲು ಅಂಜಿಕೆಯಾಯಿತು. ಅಂಜಿಕೆಯಿಂದ ನೋಡಲಿಲ್ಲ, ನೋಡದ್ದರಿಂದ ಅಂಜಿಕೆ ಬೆಳೆಯಿತು. ಹೀಗೆ ಎಂಟು ತಿಂಗಳು ಕಳೆದವು. ಆ ವ್ಯಾಪಾರಿಗಳು ಒಂದು ದಿನವೂ ಬಾಯಿಬಿಟ್ಟು ಕೇಳಲಿಲ್ಲ. ಕೇಳದಿರುವುದನ್ನು ನಾವು ಅನುಕೂಲವೆಂದೇ ಎಣಿಸಿದೆವು.

ಒಂದು ಸಂಜೆ ಹಿರಿಯ ಶ್ರೀಗಳು ಕರೆದು, 'ಮರಿದೇವರೇ, ಆ ಪೆಟ್ಟಿಗೆ ತನ್ನಿರಿ' ಎಂದರು. ಇಬ್ಬರೂ ಕುಳಿತು ಚೀಟಿಗಳನ್ನು ಬಿಡಿಸಿ ಕೂಡಿಸಿದೆವು. ಎಂಟು ತಿಂಗಳು ಹೆದರಿದ ಕೆಲಸ ಎರಡು ತಾಸಿನಲ್ಲಿ ಮುಗಿಯಿತು. ಮರುದಿನ ಕೈಲಾದಷ್ಟು ಹಣದೊಡನೆ ವ್ಯಾಪಾರಿಗಳ ಮನೆಗೆ ಹೋದಾಗ ನಿಜಸ್ಥಿತಿ ತಿಳಿಯಿತು. ಮಕ್ಕಳ ಊಟ ನಿಲ್ಲಬಾರದೆಂದು ಅವರು ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ ಸಾಲ ತಂದು ದಿನಸಿ ಪೂರೈಸಿದ್ದರು; ನಿಶ್ಚಯವಾಗಿದ್ದ ಮಗಳ ಮದುವೆಯನ್ನು ಮುಂದಿನ ವರ್ಷಕ್ಕೆ ಹಾಕಿದ್ದರು. ನಾವು ಮುಂದೂಡಿದ್ದು ಚೀಟಿಗಳನ್ನು. ಅವರು ಮುಂದೂಡಿದ್ದು ಮಗಳ ಮದುವೆಯನ್ನು.

ಆದುದರಿಂದ 'ನಮ್ಮ ಹಣ, ನಮ್ಮ ನಷ್ಟ' ಎಂಬ ಮಾತು ನಿಲ್ಲುವುದಿಲ್ಲ. ಮುಂದೂಡಿದವನ ಹೊರೆಯನ್ನು ಮಡದಿಯೋ ಮಕ್ಕಳೋ ಜಾಮೀನು ನಿಂತ ಗೆಳೆಯನೋ ಹೊರಬೇಕಾಗುತ್ತದೆ. ಹತ್ತು ವರ್ಷ ಯಾರೂ ವಿಚಾರಿಸದ ಬ್ಯಾಂಕ್ ಠೇವಣಿಗಳು, ರಿಸರ್ವ್ ಬ್ಯಾಂಕು 2014ರಲ್ಲಿ ಏರ್ಪಡಿಸಿದ ನಿಧಿಗೆ ವರ್ಗವಾಗುತ್ತವೆ. ಅನಂತರವೂ ವಾರಸುದಾರರು ಕೇಳಿ ಪಡೆಯಬಹುದು, ನಿಜ. ಆದರೆ ಠೇವಣಿ ಇದೆಯೆಂದೇ ಮಡದಿಗೆ ತಿಳಿಸದೆ, ನಾಮನಿರ್ದೇಶನದ ಕಾಗದಕ್ಕೆ ಸಹಿ ಹಾಕುವುದನ್ನು ಮುಂದೂಡುತ್ತಲೇ ಕಣ್ಣುಮುಚ್ಚಿದವನ ಮನೆಯವರು ಏನೆಂದು ಕೇಳಬೇಕು?

ಲೆಕ್ಕವನ್ನೂ ನೋಡೋಣ. ಮೂರು ರೂಪಾಯಿ ಬಡ್ಡಿಯ 50,000 ರೂಪಾಯಿ ಸಾಲಕ್ಕೆ ತಿಂಗಳಿಗೆ 1,500 ರೂಪಾಯಿ ಬಡ್ಡಿ. ಬಡ್ಡಿಯನ್ನಷ್ಟೇ ಕಟ್ಟುತ್ತ ಹೋದರೆ 34 ತಿಂಗಳಲ್ಲಿ 51,000 ರೂಪಾಯಿ ಕಟ್ಟಿದಂತಾಯಿತು. ಅಸಲು ಇದ್ದಲ್ಲಿಯೇ ಇದೆ. ಉಳಿತಾಯದ ಲೆಕ್ಕವೂ ಹೀಗೆಯೇ. ವರ್ಷಕ್ಕೆ 12,000 ರೂಪಾಯಿಯನ್ನು ಶೇಕಡಾ 7ರ ಚಕ್ರಬಡ್ಡಿಯಲ್ಲಿ 25ನೆಯ ವಯಸ್ಸಿನಿಂದ 60ರವರೆಗೆ ಇಟ್ಟವನಿಗೆ ಸುಮಾರು 16.6 ಲಕ್ಷ ದೊರೆತರೆ, 35ರಲ್ಲಿ ಆರಂಭಿಸಿದವನಿಗೆ ಸುಮಾರು 7.6 ಲಕ್ಷ. ಎರಡನೆಯವನು ಕಡಿಮೆ ಇಟ್ಟದ್ದು 1.2 ಲಕ್ಷ, ಕಳೆದುಕೊಂಡದ್ದು 9 ಲಕ್ಷ.

ಬಡ್ಡಿಯ ಬಾಧೆಯಿಂದ ಒಕ್ಕಲಿಗರನ್ನು ಪಾರುಮಾಡಲೆಂದೇ 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದರು. ಇಂದು ನಮ್ಮ ರಾಜ್ಯದ ಸಹಕಾರ ಸಂಘಗಳಲ್ಲಿ ಬಡ್ಡಿಯಿಲ್ಲದ ಬೆಳೆಸಾಲವೂ ದೊರೆಯುತ್ತದೆ. ಆದರೆ ಗಡುವಿನೊಳಗೆ ಮರುಪಾವತಿ ಮಾಡಿದವರಿಗೆ ಮಾತ್ರ. ಹಿರಿಯರು ತೆರೆದಿಟ್ಟ ಬಾಗಿಲನ್ನು ನಮ್ಮ ಆಲಸ್ಯ ಮುಚ್ಚಬಾರದು.

ಮುಂದೂಡುವವರೆಲ್ಲರೂ ಸೋಮಾರಿಗಳಲ್ಲ. ಇಂದಿನ ಸಣ್ಣ ಕಷ್ಟವು ಮನಸ್ಸಿಗೆ ಬೆಟ್ಟದಂತೆ ಕಾಣುತ್ತದೆ. ನಾಳೆಯ ಬೆಟ್ಟವು ಸಾಸಿವೆಯಂತೆ ಕಾಣುತ್ತದೆ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಥೇಲರ್ ಮತ್ತು ಬೆನಾರ್ಟ್ಜಿ ಅವರು 2004ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನೇ ಉಪಾಯವಾಗಿ ಬಳಸಿತು. 'ಈಗ ಬೇಡ, ಮುಂದೆ ಸಂಬಳ ಏರಿದಾಗ ಉಳಿತಾಯವನ್ನೂ ಏರಿಸುತ್ತೇವೆ' ಎಂದು ಕಾರ್ಮಿಕರಿಂದ ಮೊದಲೇ ಒಪ್ಪಿಗೆ ಪಡೆಯಲಾಯಿತು. ಒಪ್ಪಿದವರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇಕಡಾ 3.5ರಿಂದ 13.6ಕ್ಕೆ ಏರಿತು. ಅವರ ಸ್ವಭಾವ ಬದಲಾಗಲಿಲ್ಲ. ನಿಶ್ಚಯವನ್ನು ಮಾತ್ರ ಮೊದಲೇ ಮಾಡಿದ್ದರು. ವ್ರತನಿಯಮಗಳ ಅರ್ಥವೂ ಇದೇ ಅಲ್ಲವೆ? ನಿತ್ಯ ಇಷ್ಟಲಿಂಗಪೂಜೆ ಮಾಡುವವರು 'ಇಂದು ಮಾಡಲೋ ಬೇಡವೋ' ಎಂದು ಪ್ರತಿದಿನ ತರ್ಕಿಸುವುದಿಲ್ಲ.

'ನಾಳೆಗೆಂದು ಕೂಡಿಡುವುದು ಶಿವನಲ್ಲಿ ಅಪನಂಬಿಕೆಯಲ್ಲವೆ? ಆಯ್ದಕ್ಕಿ ಲಕ್ಕಮ್ಮನವರು ಹೆಚ್ಚಿನ ಅಕ್ಕಿಯನ್ನು ಹಿಂದಿರುಗಿಸಲು ಹೇಳಲಿಲ್ಲವೆ?' ಎಂಬ ಆಕ್ಷೇಪಣೆಯುಂಟು. ಲಕ್ಕಮ್ಮನವರಿಗೆ ತಮ್ಮ ಮನೆಗೆ ಎಷ್ಟು ಬೇಕೆಂಬುದು ತಿಳಿದಿತ್ತು. ಆದ್ದರಿಂದಲೇ ಹೆಚ್ಚಾದುದು ಅಂದೇ ಕಣ್ಣಿಗೆ ಬಿತ್ತು, ಅಂದೇ ಮರಳಿತು. ಲೆಕ್ಕವನ್ನೇ ನೋಡದವನಿಗೆ ಸಾಕು ಯಾವುದು, ಹೆಚ್ಚು ಯಾವುದು ಎಂಬುದು ಹೇಗೆ ತಿಳಿದೀತು? ದುರಾಶೆ ಬೇರೆ, ಎಚ್ಚರ ಬೇರೆ. ಹಾಗೆಯೇ, ದುಡಿದುದು ಅಂದಂದಿನ ಗಂಜಿಗೇ ಸಾಲದವರನ್ನು ಉಳಿತಾಯ ಮಾಡಲಿಲ್ಲವೆಂದು ಜರೆಯುವುದು ಅನ್ಯಾಯ. ಅಂಥವರ ಕೂಲಿಯನ್ನು ನಾಳೆ ಕೊಡುತ್ತೇವೆನ್ನುವ ಉಳ್ಳವರೇ ಇಲ್ಲಿ ತಪ್ಪಿತಸ್ಥರು.

ನಮ್ಮ ಹಳೆಯ ವಿದ್ಯಾರ್ಥಿಗಳಿಗೂ ಭಕ್ತರಿಗೂ ನಮ್ಮ ಸೂಚನೆ ಇಷ್ಟೆ. ವಾರಕ್ಕೊಂದು ತಾಸು, ಸೋಮವಾರದ ಪೂಜೆಯ ನಂತರವೇ ಆಗಲಿ, ಲೆಕ್ಕಕ್ಕೆ ಕುಳಿತುಕೊಳ್ಳಿರಿ. ಒಬ್ಬರೇ ಕೂಡಬೇಡಿರಿ, ಮಡದಿ ಅಥವಾ ಪತಿಯೊಡನೆ ಕುಳಿತರೆ ಅಂಜಿಕೆ ಅರ್ಧವಾಗುತ್ತದೆ. ಮೊದಲು ಕೊಡಬೇಕಾದವರ ಹೆಸರನ್ನು ಬರೆಯಿರಿ. ಹೆಚ್ಚು ಬಡ್ಡಿಯ ಸಾಲವನ್ನು ಮೊದಲು ತೀರಿಸಿರಿ. ಸಂಬಳ ಬಂದ ದಿನವೇ ಸ್ವಲ್ಪ ಹಣ ತಾನಾಗಿ ಉಳಿತಾಯಕ್ಕೆ ಸಲ್ಲುವಂತೆ ಬ್ಯಾಂಕಿಗೆ ಬರೆದುಕೊಡಿರಿ.

ಆ ವ್ಯಾಪಾರಿಗಳ ಅಸಲನ್ನು ಹದಿನಾಲ್ಕು ತಿಂಗಳಲ್ಲಿ ತೀರಿಸಿದೆವು. ಅವರು ಕಟ್ಟಿದ್ದ ಬಡ್ಡಿಯ ಹಣವನ್ನು ಕೊಡಹೋದರೆ, 'ಅದು ಮಕ್ಕಳ ಪ್ರಸಾದಕ್ಕೆ ಸಂದಿತು, ಬುದ್ಧಿ' ಎಂದು ಕೈಮುಗಿದರು, ಕೊನೆಯವರೆಗೂ ಸ್ವೀಕರಿಸಲಿಲ್ಲ. ಈಗ ಅವರಿಲ್ಲ. ಆ ಋಣವನ್ನು ತೀರಿಸುವ ದಾರಿ ನಮಗೆ ಉಳಿದಿಲ್ಲ. ನಿಮ್ಮ ಪೆಟ್ಟಿಗೆಯನ್ನು ಇಂದೇ ತೆರೆಯಿರಿ. ಕೊಡಬೇಕಾದವರು ಇನ್ನೂ ಇದ್ದಾರೆ.